ಮದರ್‌ಬೋರ್ಡ್ ಆರಿಸುವಾಗ ನಾನು ಏನೇನು ನೋಡುತ್ತೇನೆ

ಬಳ್ಳಾರಿಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವುದು ನನ್ನ ಕೆಲಸ. ಜೀನ್ಸ್ ಯೂನಿಟ್‌ಗಳ ಬಿಲ್ಲಿಂಗ್, ಫ್ಲೆಕ್ಸ್ ಅಂಗಡಿಗಳ ಡಿಸೈನ್, ಮದುವೆ ವಿಡಿಯೋ ಎಡಿಟಿಂಗ್, ಹೀಗೆ ಎಲ್ಲ ಥರದವರೂ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಬಗ್ಗೆ ಒಂದೇ ಮಾತು: ‘ಇಂಟೆಲ್ ಚಲೋನಾ, ಎಎಂಡಿ ಚಲೋನಾ?’ ಪ್ರೊಸೆಸರ್, ರ‍್ಯಾಮ್ ಎಲ್ಲ ಕೂರುವ ಮದರ್‌ಬೋರ್ಡ್ ಯಾವುದು ಹಾಕುತ್ತೀರಿ ಅಂತ ಕೇಳುವವರು ತುಂಬಾ ಕಡಿಮೆ. ನಾನು ಮಾತ್ರ ಜಾಸ್ತಿ ಹೊತ್ತು ತಲೆ ಕೆಡಿಸಿಕೊಳ್ಳುವುದು ಬೋರ್ಡಿನ ಬಗ್ಗೆಯೇ.

ಒಂದು ಕಾಲದಲ್ಲಿ ಚಿಪ್‌ಸೆಟ್, ಅಂದರೆ ಬೋರ್ಡಿನ ಉಳಿದ ಭಾಗಗಳನ್ನು ಪ್ರೊಸೆಸರಿಗೆ ಜೋಡಿಸುವ ಚಿಪ್ಪು, ಬದಲಾದರೆ ಕಂಪ್ಯೂಟರಿನ ವೇಗವೇ ಬದಲಾಗುತ್ತಿತ್ತು. ಎಎಂಡಿಯ ಅಥ್ಲಾನ್ ಎಕ್ಸ್‌ಪಿ ಇದ್ದಾಗ ಆ ಒಂದೇ ಪ್ರೊಸೆಸರಿಗೆ ವಿಯಾ, ಸಿಸ್, ಎನ್ವಿಡಿಯಾ ಮೂರೂ ಚಿಪ್‌ಸೆಟ್ ಮಾಡುತ್ತಿದ್ದವು. ಎನ್ವಿಡಿಯಾದ ಎನ್‌ಫೋರ್ಸ್2 ಡ್ಯುಯಲ್ ಚಾನೆಲ್ ಮೆಮೊರಿ (ಒಟ್ಟಿಗೇ ಎರಡು ದಾರಿಯಲ್ಲಿ ರ‍್ಯಾಮ್ ಬಳಸುವುದು) ಕೊಟ್ಟಿತು, ವಿಯಾದ ಕೆಟಿ400ರಲ್ಲಿ ಅದು ಇರಲಿಲ್ಲ. ರ‍್ಯಾಮ್ ನಿಭಾಯಿಸುವ ಮೆಮೊರಿ ಕಂಟ್ರೋಲರ್ ಚಿಪ್‌ಸೆಟ್ ಒಳಗೇ ಇದ್ದ ಕಾಲ ಅದು. 2003ರಲ್ಲಿ ಅಥ್ಲಾನ್ 64 ಬಂದಾಗ ಎಎಂಡಿ ಆ ಕಂಟ್ರೋಲರನ್ನು ಪ್ರೊಸೆಸರಿಗೆ ಸೇರಿಸಿತು. ಇಂಟೆಲ್ 2008ರಲ್ಲಿ ಅದೇ ದಾರಿ ಹಿಡಿಯಿತು. ಬರಬರುತ್ತಾ ಹೊರಗಿನ ಕಂಪನಿಗಳೆಲ್ಲ ಈ ವ್ಯಾಪಾರ ಬಿಟ್ಟವು. ಈಗ ಚಿಪ್‌ಸೆಟ್ ಅಂದರೆ ಬಹುಪಾಲು ಯುಎಸ್‌ಬಿ, ಡಿಸ್ಕ್ ಜೋಡಿಸುವ ಸಾಟಾ, ಎಸ್‌ಎಸ್‌ಡಿ ಕೂರುವ ಹೆಚ್ಚುವರಿ ಎಂ.2 ಸ್ಲಾಟ್‌ಗಳ ಲೆಕ್ಕ. ಎಎಂಡಿಯ ಎಕ್ಸ್670 ಚಿಪ್‌ಸೆಟ್ ಅಂದರೆ ಅದರದೇ ಬಿ650 ಚಿಪ್‌ಸೆಟ್ಟಿನಲ್ಲಿರುವ ಚಿಪ್ಪೇ ಎರಡು, ಒಂದಕ್ಕೊಂದು ಜೋಡಿಸಿದ್ದು. ಅದಕ್ಕೆ ದುಡ್ಡು ಸುರಿದರೆ ಪೋರ್ಟ್ ಜಾಸ್ತಿ ಸಿಗುತ್ತವೆ, ವೇಗ ಅಲ್ಲ.

ಹಾಗಾದರೆ ಇಂಟೆಲ್-ಎಎಂಡಿ ಪೈಪೋಟಿಯಿಂದ ನಮಗೇನು ಲಾಭ? ನನ್ನ ಪ್ರಕಾರ, ಪ್ರೊಸೆಸರ್ ಕೂರುವ ಸಾಕೆಟ್ಟಿನ ಆಯಸ್ಸು. ಎಎಂಡಿ ಚಿಪ್‌ಸೆಟ್ಟಿನ 2017ರ ಬಿ350 ಬೋರ್ಡ್‌ಗಳಿಗೆ ತನ್ನದೇ ರೈಜೆನ್ 5000 ಪ್ರೊಸೆಸರ್ ಹಾಕಲು ಎಎಂಡಿ ಮೊದಲು ಒಪ್ಪಿರಲಿಲ್ಲ. 2021ರ ಕೊನೆಗೆ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳು ಬಂದವು. 2022ರಲ್ಲಿ ಎಎಂಡಿ ಒಪ್ಪಿಕೊಂಡಿತು. ಎದುರಾಳಿ ಗಟ್ಟಿಯಾಗಿ ನಿಲ್ಲದಿದ್ದರೆ ಹೀಗಾಗುತ್ತಿತ್ತಾ? ನನಗಂತೂ ನಂಬಿಕೆ ಇಲ್ಲ. ಹಳೇ ಬೋರ್ಡಿನಲ್ಲೇ ಹೊಸ ಪ್ರೊಸೆಸರ್ ಕೂತರೆ ಸಣ್ಣ ಅಂಗಡಿಯವರಿಗೆ ಎಷ್ಟು ದುಡ್ಡು ಉಳಿಯುತ್ತದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ತನ್ನ ಎಎಂ5 ಸಾಕೆಟ್ಟಿಗೆ 2027ರವರೆಗೂ, ಅದರಾಚೆಗೂ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ ಮಾತ್ರ 12, 13, 14ನೇ ತಲೆಮಾರಿಗೇ ಮುಗಿಯಿತು. 2024ರಲ್ಲಿ ಎಲ್‌ಜಿಎ1851 ಬಂತು, ಅಂದರೆ ಬೋರ್ಡೂ ಹೊಸದೇ ಬೇಕು.

ಇಷ್ಟು ಕೇಳಿ ಎಲ್ಲರಿಗೂ ಎಎಂ5 ಅಂತ ತೀರ್ಮಾನ ಮಾಡಬೇಡಿ. ಮದುವೆ ವಿಡಿಯೋದವರನ್ನು ನಾನು ಮೊದಲು ಕೇಳುವುದು ಕ್ಯಾಮೆರಾ ಸೆಟ್ಟಿಂಗ್. ಎಚ್.265ರಲ್ಲಿ (ವಿಡಿಯೋ ಫೈಲ್ ಕುಗ್ಗಿಸುವ ಒಂದು ಬಗೆ) 10 ಬಿಟ್ 4:2:2, ಅಂದರೆ ಬಣ್ಣದ ವಿವರ ಜಾಸ್ತಿ ಇರುವ ಸೆಟ್ಟಿಂಗಿನಲ್ಲಿ ಶೂಟ್ ಮಾಡುತ್ತಾರಾ? ಹಾಗಿದ್ದರೆ ಈ ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಆ ಫೈಲನ್ನು ತಾನೇ ಡಿಕೋಡ್ ಮಾಡುತ್ತದೆ, ಅಂದರೆ ಬಿಡಿಸಿ ತೋರಿಸುತ್ತದೆ. ರೈಜೆನ್ 7000ದ ಗ್ರಾಫಿಕ್ಸ್ ಮಾಡುವುದಿಲ್ಲ, ಟೈಮ್‌ಲೈನ್ ತಡವರಿಸುತ್ತದೆ. ಅಂಥವರಿಗೆ ಸುಮ್ನೆ ಇಂಟೆಲ್‌ನ ಬಿ760 ಚಿಪ್‌ಸೆಟ್ ಬೋರ್ಡ್ ಹಾಕಿಕೊಡುತ್ತೇನೆ. ಇಂಟೆಲ್‌ನದೇ ಎಚ್610 ಹಾಕುವುದಿಲ್ಲ. ಅದರಲ್ಲಿ ರ‍್ಯಾಮ್ ಸ್ಲಾಟ್ ಎರಡೇ, ಆಮೇಲೆ ರ‍್ಯಾಮ್ ಹೆಚ್ಚಿಸಬೇಕಾದರೆ ಇದ್ದದ್ದನ್ನು ತೆಗೆಯಬೇಕಾಗುತ್ತದೆ.

ಕಂಪನಿ ಯಾವುದೆಂದು ಗೊತ್ತಾದ ಮೇಲೆ ನಿಜವಾದ ಪರೀಕ್ಷೆ ಶುರು. ಚಿಪ್‌ಸೆಟ್ ಒಂದೇ ಇದ್ದರೂ ಬೋರ್ಡ್‌ಗಳು ಒಂದೇ ಅಲ್ಲ. ಪ್ರೊಸೆಸರಿಗೆ ಕರೆಂಟ್ ಕೊಡುವ ವಿಆರ್‌ಎಂ ಹೇಗಿದೆ ಅನ್ನುವುದು ಬೋರ್ಡ್ ತಯಾರಿಸಿದವರ ಕೈಯಲ್ಲಿರುತ್ತದೆ. ಬೇರೆ ಬೇರೆ ಕಂಪನಿಯ ಎರಡು ಬಿ650 ಬೋರ್ಡ್ ತಂದು, ಎರಡಕ್ಕೂ ಅದೇ ರೈಜೆನ್ 9 7900ಎಕ್ಸ್ ಹಾಕಿ ನೋಡಿದೆ. ಅದು 230 ವ್ಯಾಟ್‌ವರೆಗೂ ಎಳೆಯುವ ಪ್ರೊಸೆಸರ್. ಮೇ ತಿಂಗಳು, ಮಧ್ಯಾಹ್ನ, ಎಸಿ ಇಲ್ಲದ ಕೋಣೆ. ಒಳಗೇ 38 ಡಿಗ್ರಿ ಇತ್ತು. ತಣ್ಣಗಿನ ಕೋಣೆಯಲ್ಲಿ ಮಾಡಿದ ಪರೀಕ್ಷೆ ನಮ್ಮೂರಿಗೆ ಲೆಕ್ಕಕ್ಕಿಲ್ಲ, ಅಲ್ವಾ?

ಒಂದು ಬೋರ್ಡಿನಲ್ಲಿ ವಿಆರ್‌ಎಂ ಸೆನ್ಸರ್ ಇರಲಿಲ್ಲ. ಮೀಟರಿನ ಥರ್ಮೋಕಪಲ್ (ಬಿಸಿ ಅಳೆಯುವ) ತಂತಿಯ ತುದಿಯನ್ನು ಸಾಕೆಟ್ ಪಕ್ಕದ ಮಾಸ್‌ಫೆಟ್‌ಗಳ, ಅಂದರೆ ವಿಆರ್‌ಎಂನಲ್ಲಿ ಕರೆಂಟ್ ಹರಿಸುವ ಚಿಪ್ಪುಗಳ, ಹಿಂಭಾಗಕ್ಕೆ ಬಿಸಿ ತಡೆಯುವ ಕಪ್ಟಾನ್ ಟೇಪಿನಲ್ಲಿ ಅಂಟಿಸಿದೆ. ಇನ್ನೊಂದಕ್ಕೂ ಹಾಗೇ ಮಾಡಿದೆ, ಅಳತೆ ಒಂದೇ ಥರ ಇರಲಿ ಅಂತ. ಪ್ರೊಸೆಸರನ್ನು ಪೂರ್ತಿ ದುಡಿಸಿ ಸ್ಕೋರ್ ಕೊಡುವ ಸಿನೆಬೆಂಚ್ ಪ್ರೋಗ್ರಾಂ ಅರ್ಧ ಗಂಟೆ ಓಡಿಸಿದೆ. ಪ್ರೊಸೆಸರ್ ತನ್ನ 95 ಡಿಗ್ರಿಗೆ ಹೋಗುವುದು ಸಹಜ, ಅದರ ವಿನ್ಯಾಸವೇ ಹಾಗೆ. ನಾನು ಕಾಯುತ್ತಿದ್ದದ್ದು ವಿಆರ್‌ಎಂಗೆ. ಬಿಸಿ ಹೊರಹಾಕುವ ಹೀಟ್‌ಸಿಂಕ್ ಒಂದೇ ಪಕ್ಕ ಇದ್ದ ಬೋರ್ಡ್ ನೂರು ಡಿಗ್ರಿ ದಾಟಿತು. ಸ್ವಲ್ಪ ಹೊತ್ತಿಗೆ ಪ್ರೊಸೆಸರಿಗೆ ಸಿಗುವ ವ್ಯಾಟ್ ಇಳಿಯುತ್ತಾ ಹೋಯಿತು, ಸ್ಕೋರೂ ಬಿತ್ತು. ಎರಡೂ ಪಕ್ಕ ದಪ್ಪ ಹೀಟ್‌ಸಿಂಕ್ ಇದ್ದದ್ದು ಎಂಬತ್ತರ ಆಸುಪಾಸಿನಲ್ಲೇ ನಿಂತಿತು, ಸ್ಕೋರ್ ಅಲುಗಲಿಲ್ಲ. ಡಬ್ಬದ ಮೇಲೆ ಮಾತ್ರ ಎರಡರಲ್ಲೂ ಬಿ650 ಅಂತಲೇ ಇದೆ.

ಬಿಲ್ಲಿಂಗ್ ಯಂತ್ರಕ್ಕೆ ಇಷ್ಟೆಲ್ಲ ಬೇಡ. 65 ವ್ಯಾಟ್ ಪ್ರೊಸೆಸರಿಗೆ ಎಎಂಡಿಯ ಎ620 ಚಿಪ್‌ಸೆಟ್ ಬೋರ್ಡ್ ಸಾಕು. ಆದರೆ ಕೆಲವು ಎ620 ಬೋರ್ಡ್‌ಗಳು 65 ವ್ಯಾಟ್‌ವರೆಗಿನ ಪ್ರೊಸೆಸರಿಗಷ್ಟೇ ಆಗುತ್ತವೆ. ತಯಾರಕರ ಸಿಪಿಯು ಪಟ್ಟಿ ನೋಡಿಯೇ ಕೊಳ್ಳಿ.

ಬೋರ್ಡಿನ ಹಿಂದೆ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಒಳಗಿನ ಸಾಫ್ಟ್‌ವೇರ್) ಫ್ಲ್ಯಾಶ್ ಬಟನ್ ಇದೆಯಾ ಅಂತಲೂ ನೋಡಿ. ರೈಜೆನ್ 9000 ಬಂದದ್ದು 2024ರಲ್ಲಿ. ಅದಕ್ಕಿಂತ ಮೊದಲು ತಯಾರಾಗಿ ಅಂಗಡಿಯಲ್ಲೇ ಉಳಿದ ಬೋರ್ಡಿಗೆ ಆ ಪ್ರೊಸೆಸರ್ ಗುರುತು ಸಿಗದೇ ಇರಬಹುದು. ಬಟನ್ ಇದ್ದರೆ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ ಹೊಸ ಬಯಾಸ್ ಫೈಲ್ ಹಾಕಿ, ಪ್ರೊಸೆಸರ್ ಇಲ್ಲದೆಯೇ ಅಪ್‌ಡೇಟ್ ಮಾಡಬಹುದು. ಯುಪಿಎಸ್‌ಗೆ ಜೋಡಿಸಿಯೇ ಮಾಡಿ, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಶುರು. ಆಮೇಲೆ ಮೊದಲ ಸಲ ಆನ್ ಮಾಡಿದಾಗ ಡಿಡಿಆರ್5 ಮೆಮೊರಿ ಹೊಂದಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ. ಬೋರ್ಡ್ ಹೋಗಿದೆ ಅಂದುಕೊಂಡು ಆಫ್ ಮಾಡಬೇಡಿ, ಕಾಯಿರಿ.