ರಜೆಯಲ್ಲಿ ಗಣಿತ: ಮುಂದಿನ ಪಾಠಕ್ಕಿಂತ ಹಿಂದಿನದ್ದು ಗಟ್ಟಿಯಾಗಲಿ

ಶಾಲೆ ಶುರುವಾದ ಮೇಲೆ ಮಗು ಕಷ್ಟದ ಗಣಿತ ಕಲಿಯಬೇಕು, ಅದಕ್ಕೆ ಬೇಸಿಗೆ ರಜೆಯಲ್ಲೇ ತಯಾರಿ ಆಗಲಿ ಅಂತ ನಿಮ್ಮ ಆಸೆ. ಒಳ್ಳೆಯದೇ. ಆದರೆ ಮುಂದಿನ ವರ್ಷದ ಪುಸ್ತಕ ತಂದು ಮೊದಲ ಪಾಠದಿಂದ ಶುರು ಹಚ್ಚಬೇಡಿ. ಮಕ್ಕಳು ಎಡವುವುದು ಬಹಳ ಸಲ ಹೊಸ ಪಾಠದಲ್ಲಿ ಅಲ್ಲ, ಹಳೆಯದರಲ್ಲಿ. ಭಿನ್ನರಾಶಿ ಬರಲ್ಲ ಅಂತ ಅಳುವ ಮಗುವಿಗೆ ನಿಜವಾಗಿ ಬರದೇ ಇರುವುದು ಭಾಗಾಕಾರ. ಭಾಗಾಕಾರ ಬರಲ್ಲ ಅನ್ನುವ ಮಗುವಿಗೆ ಮಗ್ಗಿಯೇ ಗಟ್ಟಿ ಇರುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಎಲ್ಲಿ ಸಡಿಲ ಇದೆ ಅಂತ ನೋಡುವುದು. ಕಳೆದ ವರ್ಷದ ಪ್ರತಿ ಪಾಠದಿಂದ ಎರಡೋ ಮೂರೋ ಲೆಕ್ಕ ಕೊಡಿ. ಮಾಡುವಾಗ ಬಾಯಿಬಿಟ್ಟು ಹೇಳುತ್ತಾ ಮಾಡಲಿ. ನೀವು ನಡುವೆ ತಿದ್ದಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಉದಾಹರಣೆಗೆ 402ರಲ್ಲಿ 178 ಕಳೆಯಲು ಹೇಳಿ. ಸರಿ ಉತ್ತರ 224. ಮಗು 376 ಅಂತ ಬರೆದರೆ ಅದು ಗಮನ ಇಲ್ಲದೆ ಆದ ತಪ್ಪಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 2, 7ರಲ್ಲಿ 0, 4ರಲ್ಲಿ 1. ಅಂದರೆ ಸ್ಥಾನಬೆಲೆ ಇನ್ನೂ ಅರ್ಥವಾಗಿಲ್ಲ, ಅಲ್ಲಿಂದಲೇ ಶುರು ಮಾಡಬೇಕು. ಉತ್ತರ ಬರೆಯುವ ಮುಂಚೆ ಅಂದಾಜು ಹೇಳುವ ಅಭ್ಯಾಸವನ್ನೂ ಇಲ್ಲೇ ಹಚ್ಚಿ. 400ರಲ್ಲಿ 180 ಹೋದರೆ 220, ಹಾಗಾದರೆ 376 ಹೇಗೆ ಬಂತು ಅಂತ ಮಗುವೇ ಕೇಳಿಕೊಳ್ಳುತ್ತದೆ.

ಆಮೇಲೆ ಮಗ್ಗಿ. ಹಾಡಿನ ಹಾಗೆ ಒಪ್ಪಿಸುವ ಮಗುವನ್ನು ಥಟ್ಟನೆ 7×8 ಎಷ್ಟು ಅಂತ ಕೇಳಿದರೆ 'ಏಳೊಂದ್ಲ ಏಳು'ವಿನಿಂದ ಮತ್ತೆ ಹೊರಡುತ್ತದೆ, ಅಲ್ವಾ? ಹತ್ತರವರೆಗಿನ ಮಗ್ಗಿಯಲ್ಲಿ 100 ಗುಣಾಕಾರಗಳಿವೆ ಅಂದರೆ ಭಯವಾಗುತ್ತದೆ. ಆದರೆ 3×7 ಗೊತ್ತಿದ್ದರೆ 7×3 ಬೇರೆ ಕಲಿಯಬೇಕಿಲ್ಲ. 1, 2, 5, 10ರ ಮಗ್ಗಿ ಸುಲಭ. ಇವನ್ನೆಲ್ಲ ಬಿಟ್ಟರೆ ನಿಜಕ್ಕೂ ಕಲಿಯಬೇಕಾದದ್ದು 21 ಮಾತ್ರ! ಅವನ್ನೂ ಗೊತ್ತಿರುವುದರಿಂದಲೇ ಕಟ್ಟಿಕೊಳ್ಳಬಹುದು: 5 ಸಲ 8 ಅಂದರೆ 40, 2 ಸಲ 8 ಅಂದರೆ 16, ಎರಡೂ ಸೇರಿ 56. ತಿರುಗಿಸಿಯೂ ಕೇಳಿ, 56ರಲ್ಲಿ ಎಷ್ಟು 8 ಇವೆ? ಭಾಗಾಕಾರ ಅರ್ಧ ಕಲಿತ ಹಾಗೇ.

ರಜೆಯಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಂಥ ಕೆಲಸಕ್ಕೆ. ಒಂದು ಚೌಕುಳಿ ಹಾಳೆ ಕೊಟ್ಟು, 24 ಮನೆ ಇರುವ ಆಯತಗಳನ್ನೆಲ್ಲ ಬರೆ ಅನ್ನಿ. ಹಾಳೆ ಸಾಲದಿದ್ದರೆ ಇನ್ನೊಂದನ್ನು ಅಂಟಿಸಿಕೊಳ್ಳಲಿ. 1×24, 2×12, 3×8, 4×6 ಬರುತ್ತವೆ. ಇನ್ನೂ ಇದೆಯಾ? ಇಲ್ಲ ಅಂತ ಹೇಗೆ ಗೊತ್ತು? ಈ ಎರಡನೇ ಪ್ರಶ್ನೆಗೆ ಮಗು ತಡಕಾಡಲಿ, ನೀವು ಬಾಯಿ ಹಾಕಬೇಡಿ. ಈಗ 23 ಮನೆಯಲ್ಲಿ ಮಾಡಲಿ. ಒಂದೇ ಒಂದು ಉದ್ದ ಪಟ್ಟಿ ಬರುತ್ತದೆ, ಬೇರೆ ಏನು ಮಾಡಿದರೂ ಬರಲ್ಲ. ಅವಿಭಾಜ್ಯ ಸಂಖ್ಯೆ ಅಂದರೆ ಇದೇ ಅಂತ ಆಗ ಹೇಳಿ. ಮತ್ತೆ 24ಕ್ಕೆ ಬಂದು ಪ್ರತಿ ಆಯತದ ಸುತ್ತಳತೆ ಎಣಿಸಲಿ. 4×6ಕ್ಕೆ 20, 1×24ಕ್ಕೆ 50. ಒಳಗಿನ ಮನೆ ಅಷ್ಟೇ ಇದ್ದರೂ ಸುತ್ತಳತೆ ಎರಡು ಪಟ್ಟಿಗಿಂತ ಜಾಸ್ತಿ ಆಯಿತು! ಅಪವರ್ತನ, ವಿಸ್ತೀರ್ಣ, ಸುತ್ತಳತೆ ಎಲ್ಲವೂ ಒಂದೇ ಹಾಳೆಯ ಮೇಲೆ ಬಂದವು. ಐವತ್ತು ಲೆಕ್ಕ ಮಾಡಿಸುವುದಕ್ಕಿಂತ ಇದು ಮೇಲು ಅಂತ ನನ್ನ ಗಟ್ಟಿ ಅಭಿಪ್ರಾಯ.

ಭಿನ್ನರಾಶಿಗೂ ಸೂತ್ರದಿಂದ ಹೊರಡಬೇಡಿ. ಒಂದೇ ಉದ್ದದ ಕಾಗದದ ಪಟ್ಟಿಗಳನ್ನು ಕತ್ತರಿಸಿ, ಒಂದನ್ನು ಎರಡು, ಇನ್ನೊಂದನ್ನು ಮೂರು, ಮತ್ತೊಂದನ್ನು ಆರು ಸಮ ಭಾಗವಾಗಿ ಮಡಚಲಿ. 1/2ಕ್ಕೆ 1/3 ಕೂಡಿಸು ಅಂದರೆ ಎಷ್ಟೋ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಅನ್ನುತ್ತಾರೆ. ತಪ್ಪು ಅನ್ನಬೇಡಿ. 2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ ಅಂತ ಕೇಳಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಹೇಗಾಯಿತು? ಆರು ಭಾಗದ ಪಟ್ಟಿಯ ಪಕ್ಕ ಇಟ್ಟು ನೋಡಿದರೆ ಅರ್ಧ ಅಂದರೆ 3 ತುಂಡು, ಮೂರನೇ ಒಂದು ಅಂದರೆ 2 ತುಂಡು, ಒಟ್ಟು 5/6. ಛೇದ ಯಾಕೆ ಒಂದೇ ಆಗಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಮಾತಿನಲ್ಲಿ ಕೊಟ್ಟ ಲೆಕ್ಕಗಳಿಗೆ ಚಿತ್ರ ಬರೆಸಿ. ರವಿ ಹತ್ತಿರ 15 ಪುಸ್ತಕ ಇವೆ, ಅದು ಮೀನಾ ಹತ್ತಿರ ಇರುವುದಕ್ಕಿಂತ 4 ಜಾಸ್ತಿ, ಹಾಗಾದರೆ ಮೀನಾ ಹತ್ತಿರ ಎಷ್ಟಿವೆ? 'ಜಾಸ್ತಿ' ಕಂಡ ತಕ್ಷಣ ಕೂಡಿಸಿ 19 ಅನ್ನುವ ಮಗು, ಇಬ್ಬರಿಗೂ ಒಂದೊಂದು ಪಟ್ಟಿ ಬರೆದು ಯಾರದ್ದು ಉದ್ದ ಅಂತ ನೋಡಿದರೆ ತಾನೇ 11ಕ್ಕೆ ಬರುತ್ತದೆ.

ಹೊತ್ತಿನ ವಿಷಯ. ದಿನಕ್ಕೆ 20 ನಿಮಿಷ ಸಾಕು, ಆದರೆ ಹೆಚ್ಚುಕಮ್ಮಿ ಎಲ್ಲ ದಿನವೂ ಆಗಬೇಕು. ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸಿದರೆ ಕಲಿತದ್ದು ನಿಲ್ಲುವುದಿಲ್ಲ. ಒಂದೇ ಬಗೆಯ ಹತ್ತು ಲೆಕ್ಕದ ಬದಲು ಹಳೆಯದು ಹೊಸದು ಬೆರೆಸಿ ಆರು ಕೊಡಿ, ಯಾವ ದಾರಿ ಹಿಡಿಯಬೇಕು ಅಂತ ಯೋಚಿಸುವುದೂ ಕಲಿಕೆಯೇ. ವಾರಕ್ಕೊಂದು ನಿಜವಾಗಿ ಕಷ್ಟದ ಲೆಕ್ಕವೂ ಇರಲಿ. ಹತ್ತು ನಿಮಿಷ ಒದ್ದಾಡಿಯೂ ಆಗದಿದ್ದರೆ ಉತ್ತರ ಹೇಳಿಬಿಡಬೇಡಿ. ಇದನ್ನೇ ಚಿಕ್ಕ ಅಂಕಿಯಲ್ಲಿ ಮಾಡಿದರೆ ಹೇಗಿರುತ್ತದೆ ಅಂತ ಕೇಳಿ. ಅದಕ್ಕೂ ಆಗಲಿಲ್ಲವೇ, ಪುಸ್ತಕ ಮುಚ್ಚಿ ಆಟಕ್ಕೆ ಕಳಿಸಿ, ನಾಳೆ ಅಲ್ಲಿಂದಲೇ ಮುಂದುವರಿಸಿ.