ಕಡಲಿಗೆ ಬೆನ್ನು ಹಾಕಿ ಹಿಡಿದ ಮುಗಿಲು

ಕಾರವಾರಕ್ಕೆ ಕ್ಯಾಮೆರಾ ಹೊತ್ತು ಬಂದವರೆಲ್ಲ ಸಂಜೆಯಾದೊಡನೆ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ನಾನೂ ಮೊದಲ ಮೂರು ವರ್ಷ ಹಾಗೆಯೇ ನಿಂತು, ಎಲ್ಲರ ಬಳಿಯೂ ಇರುವಂಥ ಮುನ್ನೂರು ಸೂರ್ಯಾಸ್ತಗಳನ್ನು ಕೂಡಿಹಾಕಿದೆ. ಗುಡುಗಿನ ಮೋಡ ಬೇಕಿದ್ದರೆ ಕಡಲಿಗೆ ಬೆನ್ನು ಹಾಕಬೇಕೆಂದು ನಾನು ಹೇಳತೊಡಗಿದಾಗ, ಶಿರಸಿಯಿಂದ ಜೊತೆಗೆ ಬರುತ್ತಿದ್ದ ಭಾವ, "ಸೂರ್ಯ ಮುಳುಗುವುದು ಆ ಬದಿಗೆ ಮಾರಾಯಾ" ಎಂದು ನಕ್ಕಿದ್ದ. ಕಳೆದ ಅಕ್ಟೋಬರಿನ ಚಿತ್ರ ಈಗ ಅವನ ಮನೆಯ ಜಗುಲಿಯಲ್ಲಿಯೇ ತೂಗುತ್ತಿದೆ.

ಜೂನ್–ಜುಲೈಯನ್ನು ನಂಬಿದ್ದೇ ನನ್ನ ದೊಡ್ಡ ತಪ್ಪು. ಆಗ ಆಕಾಶಕ್ಕೆ ಆಕಾರವೇ ಇರುವುದಿಲ್ಲ. ಅಲೆಯಿಂದೆದ್ದ ಉಪ್ಪಿನ ತುಂತುರು ಲೆನ್ಸಿಗೆ ಅಂಟುವುದೊಂದೇ ಲಾಭ. ಶಿರಸಿಯ ಮಳೆಗಾಲದಲ್ಲಿ ದೂರದ್ದನ್ನು ಹತ್ತಿರ ತೋರುವ 70–200 ಎಂಎಂ ಲೆನ್ಸಿನೊಳಗೆ ಬೂಸ್ಟು ಹಿಡಿದು, ಹುಬ್ಬಳ್ಳಿಯಲ್ಲಿ ಬಿಚ್ಚಿ ಒರೆಸಲು ನಾಲ್ಕು ಸಾವಿರದ ಹತ್ತಿರ ತೆತ್ತೆ. ಮರುವರ್ಷ ಅದು ಮತ್ತೆ ಬಂತು. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಝೂಮ್ ಉಂಗುರದೊಳಗೆ ಹಿಟ್ಟು ಸೇರಿತು, ಅಡಿಕೆ ಒಣಗಿಸುವ ಅಟ್ಟದಲ್ಲಿಟ್ಟರೆ ಗಾಜಿಗೆ ಹೊಗೆಯ ಪೊರೆ ಕಟ್ಟಿತು. ಕೊನೆಗೆ ಉಳಿಸಿದ್ದು ರಬ್ಬರ್ ಅಂಚಿನ ಬಿಗಿ ಡಬ್ಬ, ತೇವ ಹೀರುವ ಸಿಲಿಕಾ ಜೆಲ್ ಮತ್ತು ಮುನ್ನೂರು ರೂಪಾಯಿಯ ಆರ್ದ್ರತಾ ಮಾಪಕ. ಮುಳ್ಳು 50ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ.

ನಿಜವಾದ ಋತು ಮಳೆಗಾಲದ ಎರಡು ಅಂಚುಗಳು: ಮೇ ತಿಂಗಳು ಮತ್ತು ಅಕ್ಟೋಬರ್. ಮಧ್ಯಾಹ್ನದ ಕಾವಿಗೆ ಘಟ್ಟದ ಮೇಲೆ ಮೋಡ ಗೋಪುರವಾಗಿ ಎದ್ದು, ಮೂಡಣ ಗಾಳಿಯಿದ್ದ ದಿನ ಸಂಜೆಯ ಹೊತ್ತಿಗೆ ಕರಾವಳಿಯತ್ತ ಜಾರುತ್ತದೆ. ದೇವಿಮನೆ ಘಟ್ಟ ಇಳಿಯುವಾಗಲೇ ಹೂಕೋಸಿನಂಥ ತಲೆಗಳು ಗಟ್ಟಿ ಅಂಚಿನೊಡನೆ ಕಂಡರೆ ಮುಂದೆ ಸಾಗುತ್ತೇನೆ, ಅಂಚು ಕದಡಿದ್ದರೆ ಕುಮಟಾದಲ್ಲಿ ಊಟ ಮುಗಿಸಿ ಹಿಂದಿರುಗುತ್ತೇನೆ. ಮಳೆಮೋಡ ಎಲ್ಲಿದೆಯೆಂದು ತೋರಿಸುವ ಗೋವಾದ ಡಾಪ್ಲರ್ ರಾಡಾರ್ ಚಿತ್ರವನ್ನೂ ನೋಡುತ್ತೇನೆ. ಅದರಲ್ಲಿ ಯಾವ ಗುರುತು ಕಂಡರೆ ನಿಲ್ಲುತ್ತೇನೆಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ನಿಲ್ಲುವುದು ಸದಾಶಿವಗಡದ ಗುಡ್ಡದಲ್ಲಿ, ಕಾಳಿ ನದಿಯ ಮೇಲ್ಮುಖಕ್ಕೆ. ಎಷ್ಟನೆಯ ತಿರುವಿನಲ್ಲಿ ಎಂದು ಕೇಳಬೇಡಿ. ಅಕ್ಟೋಬರಿನಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ ತುಸು ತೆಂಕಣಕ್ಕೆ ಮುಳುಗುವುದರಿಂದ, ಅವನ ಎದುರು ಬದಿಯ ಮಳೆಯಲ್ಲಿ ಮೂಡುವ ಕಾಮನಬಿಲ್ಲಿನ ನಡುಭಾಗ ಪೂರ್ವಕ್ಕಿಂತ ತುಸು ಬಡಗಣಕ್ಕೆ ಬೀಳುತ್ತದೆ. ಸೂರ್ಯ ಕಂತುವ ಹೊತ್ತಿಗೆ ಬಿಲ್ಲು ಅರ್ಧವೃತ್ತವಾಗಿ 84 ಡಿಗ್ರಿ ಅಗಲ ಚಾಚಿಕೊಳ್ಳುವುದರಿಂದ 24 ಎಂಎಂ ಲೆನ್ಸು (ಅಂಕಿ ಇಳಿದಷ್ಟೂ ನೋಟ ಅಗಲ) ಸಾಲದೆ, ಎರಡು ಸಂಜೆ ನಾನು ಅದರ ತುದಿ ಕತ್ತರಿಸಿದ್ದೇನೆ. 20 ಎಂಎಂ ಕೂಡ ಅಂಚಿಗೆ ಅಂಚು ಮುಟ್ಟಿಸುತ್ತದೆ. ಆದ್ದರಿಂದ ಹದಿನಾರು ಎಂಎಂನಿಂದ ಶುರುವಾಗುವ ಹಳೆಯ ಝೂಮೊಂದನ್ನು ಇಪ್ಪತ್ತೆಂಟು ಸಾವಿರಕ್ಕೆ ಕೊಂಡೆ. ಹೊಳಪು ತಗ್ಗಿಸುವ ಪೋಲರೈಜರ್ ಗಾಜು ಹಾಕಿ ಸ್ವಲ್ಪ ತಪ್ಪಾಗಿ ತಿರುಗಿಸಿದರೆ ಬಿಲ್ಲೇ ಮಾಯವಾಗುತ್ತದೆಂಬುದನ್ನೂ ಅದೇ ಲೆನ್ಸಿನಲ್ಲಿ ಪೆಚ್ಚಾಗಿ ಕಲಿತೆ.

ಕೆಳಗೆ ಆರೂಕಾಲಿಗೆ ಬೆಳಕು ಸತ್ತ ಮೇಲೂ ಮೋಡದ ನೆತ್ತಿ ಹತ್ತು–ಹನ್ನೆರಡು ನಿಮಿಷ ಕೆಂಪಗೆ ಉರಿಯುತ್ತದೆ. ಉಳಿದವರು ಟ್ರೈಪಾಡ್ ಮಡಚುವುದು ಆಗಲೇ. ಕತ್ತಲಾದ ಮೇಲೆ ಬೆಳಕಿನ ಸಂವೇದನೆ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 8, ತೆರೆದಿಡುವ ಹೊತ್ತು ಹತ್ತು ಸೆಕೆಂಡು ಇಟ್ಟು ಬಿಡದೆ ತೆಗೆಯುತ್ತೇನೆ. ನೂರೈವತ್ತರಲ್ಲಿ ಐದಾರಕ್ಕೆ ಮಿಂಚು ಸಿಕ್ಕರೆ ಒಳ್ಳೆಯ ರಾತ್ರಿ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸಲಾಗದಿದ್ದರೆ, ಅಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂದಿದ್ದರೆ, ಎಂಥ ದೃಶ್ಯವಿದ್ದರೂ ಕಾರಿನೊಳಗೆ ಸೇರುತ್ತೇನೆ. ಹಾಗೆ ಓಡುವಾಗ ಹೊರಗೇ ಬಿಟ್ಟ ಒಂದು ಕ್ಯಾಮೆರಾ ಮಳೆನೀರು ಕುಡಿದು ಸತ್ತಿದೆ.

ಐದು ವರ್ಷದಲ್ಲಿ ಪೆಟ್ರೋಲ್ ಸೇರಿ ಒಂದೂವರೆ ಲಕ್ಷ ಹೋಗಿರಬಹುದು. ಚಿತ್ರ ಮಾರಿ ಬಂದದ್ದು ನಲವತ್ತು ಸಾವಿರ. ಆರು ಚಿತ್ರ ಒಯ್ದು ಗೋಡೆಗೆ ಹಾಕಿಕೊಂಡ ರೆಸಾರ್ಟೊಂದು ಇನ್ನೂ ಅರ್ಧ ಹಣ ಉಳಿಸಿಕೊಂಡಿದೆ. ಮೇ ತಿಂಗಳಲ್ಲಿ ಬಿಲ್ಲು ಆಗ್ನೇಯಕ್ಕೆ ಸರಿಯುವುದರಿಂದ ನಿಲ್ಲುವ ಜಾಗವೂ ಬೇರೆಯಾಗಬೇಕು. ದೇವಬಾಗದ ಮರಳಿನಲ್ಲಿ ಎರಡು ಕಡೆ ಗುರುತು ಮಾಡಿಟ್ಟಿದ್ದೇನೆ. ಈ ಸಲ ಭಾವನೂ ತನ್ನ ಟ್ರೈಪಾಡ್ ತರುತ್ತಾನಂತೆ.