ಊರು ಮೊದಲು, ಮನೆ ಆಮೇಲೆ

ಹೊಸ ಊರಿಗೆ ಹೋಗಿ ನೆಲೆಸುವ ಯೋಚನೆ ಬಂದ ಕೂಡಲೇ ಹೆಚ್ಚಿನವರು ಮನೆ ಹುಡುಕಲು ಶುರುಮಾಡುತ್ತಾರೆ. ಒಳ್ಳೆಯ ಗಾಳಿ ಬೆಳಕು, ಹಿತ್ತಲಲ್ಲಿ ನಾಲ್ಕು ಗಿಡ ಇರುವ ಮನೆ ಕಣ್ಣಿಗೆ ಬಿತ್ತೆಂದರೆ ಮನಸ್ಸು ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಊರಿನ ಕೊರತೆಗಳಿಗೆಲ್ಲ ನಾವೇ ಸಮಜಾಯಿಷಿ ಹೇಳಿಕೊಳ್ಳತೊಡಗುತ್ತೇವೆ. ಇಲ್ಲಿ ಎರಡು ಬೇರೆ ಬೇರೆ ತೀರ್ಮಾನಗಳಿವೆ. ಈ ಊರಲ್ಲಿ ನಾವು ಬಾಳಬಲ್ಲೆವೇ ಎನ್ನುವುದು ಒಂದು, ಇಲ್ಲಿ ಮನೆ ಕೊಳ್ಳಬೇಕೇ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಎಡವಿದರೆ ಬಾಡಿಗೆ ಮನೆ ಬಿಟ್ಟು ಹೊರಡಬಹುದು. ಎರಡನೆಯದರಲ್ಲಿ ಎಡವಿದರೆ ಸಾಲ ತೀರುವವರೆಗೂ ಅದು ಬೆನ್ನಿಗಂಟಿರುತ್ತದೆ. ಆದ್ದರಿಂದ ಎರಡನ್ನೂ ಬಿಡಿಸಿಕೊಂಡು, ಒಂದು ಮುಗಿದ ಮೇಲೆ ಇನ್ನೊಂದಕ್ಕೆ ಕೈಹಾಕಿ.

ಹಂತ 1: ಕಾರಣ ಬರೆಯಿರಿ

ಮನೆಯವರೆಲ್ಲ ಬೇರೆ ಬೇರೆ ಹಾಳೆಯಲ್ಲಿ ಎರಡೇ ಸಂಗತಿ ಬರೆಯಲಿ: ಈಗಿರುವ ಊರು ಬಿಡಲು ಕಾರಣವೇನು, ಹೊಸ ಊರಲ್ಲಿ ಇರಲೇಬೇಕಾದ ಮೂರು ಯಾವುವು. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಿ ಬರೆಯಬಾರದು. ದಿನದ ಹೆಚ್ಚು ಹೊತ್ತು ಮನೆಯಲ್ಲೇ ಕಳೆಯುವವರ ಮಾತಿಗೆ ಹೆಚ್ಚು ತೂಕ ಕೊಡಿ. ವಯಸ್ಸಾದ ತಂದೆತಾಯಿಗೆ ನಡೆದು ಹೋಗುವಷ್ಟು ದೂರದಲ್ಲಿ ಮಾತಾಡಿಸುವ ಜನ ಇಲ್ಲದಿದ್ದರೆ, ಎಷ್ಟು ಚಂದದ ಮನೆಯಾದರೂ ಅವರಿಗೆ ಅದು ಒಂಟಿ ಕೋಣೆಯೇ.

ಹಂತ 2: ಊರನ್ನು ಅದರ ಕೆಟ್ಟ ದಿನಗಳಲ್ಲಿ ನೋಡಿ

ಹಿತವಾದ ಹವೆಯ ರಜಾದಿನದಲ್ಲಿ ಎಲ್ಲ ಊರೂ ಚೆನ್ನಾಗಿ ಕಾಣುತ್ತದೆ. ಕನಿಷ್ಠ ಮೂರು ಸಲ ಹೋಗಿ ಬನ್ನಿ: ಅತಿ ಮಳೆಯ ಅಥವಾ ಅತಿ ಬಿಸಿಲಿನ ದಿನಗಳಲ್ಲಿ ಒಮ್ಮೆ, ಕೆಲಸದ ದಿನ ಬೆಳಗಿನ ಗಡಿಬಿಡಿಯ ಹೊತ್ತಿಗೆ ಒಮ್ಮೆ, ರಾತ್ರಿ ಹತ್ತರ ನಂತರ ಒಮ್ಮೆ. ಪ್ರತಿ ಸಲವೂ ಕೊಳ್ಳಬಹುದಾದ ಬೀದಿಯಲ್ಲೇ ನಡೆದಾಡಿ.

ಜನರನ್ನು ಕೇಳುವುದರಲ್ಲೂ ಒಂದು ಜಾಣತನ ಬೇಕು. “ನೀರಿಗೆ ತೊಂದರೆ ಇದೆಯಾ?” ಎಂದರೆ “ಏನೂ ಇಲ್ಲ” ಎಂಬ ಉತ್ತರ ಬರುತ್ತದೆ. “ಹೋದ ಬೇಸಿಗೆಯಲ್ಲಿ ಎಷ್ಟು ಸಲ ಟ್ಯಾಂಕರ್ ತರಿಸಿದಿರಿ?” ಎಂದು ಕೇಳಿದರೆ ಲೆಕ್ಕ ಸಿಗುತ್ತದೆ. “ಜೋರು ಮಳೆ ಬಂದಾಗ ಈ ರಸ್ತೆಯಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆ?” ಎಂದರೆ ಜನ ಕೈಯಲ್ಲೇ ಅಳತೆ ತೋರಿಸುತ್ತಾರೆ. ಹಳೆಯ ಕಾಂಪೌಂಡ್ ಗೋಡೆಗಳ ಮೇಲೆ ನೀರು ನಿಂತ ಕಂದು ಗೆರೆಯನ್ನೂ ಹುಡುಕಿ. ತಗ್ಗಿನ ಜಾಗದ ಬಗ್ಗೆ ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಿ ಕೂರಬೇಡಿ. ಆ ಮಾತಿನ ಅರ್ಥ, ಪ್ರತಿ ವರ್ಷವೂ ಅಂಥ ನೆರೆ ಬರುವ ಸಾಧ್ಯತೆ ನೂರಕ್ಕೆ 1 ಎಂದು. 30 ವರ್ಷ ಅಲ್ಲೇ ಇದ್ದರೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26ರಷ್ಟಾಗುತ್ತದೆ.

ಓಡಾಟವನ್ನು ಕಿಲೋಮೀಟರಿನಲ್ಲಿ ಅಳೆಯದೆ ಗಡಿಯಾರದಲ್ಲಿ ಅಳೆಯಿರಿ. ಹೋಗಲು 45 ನಿಮಿಷ, ಬರಲು 45 ನಿಮಿಷ ಎಂದರೆ ವರ್ಷದ 250 ಕೆಲಸದ ದಿನಗಳಿಗೆ 375 ಗಂಟೆ. ದಿನಕ್ಕೆ 8 ಗಂಟೆಯಂತೆ ಎಣಿಸಿದರೆ 47 ದಿನದ ದುಡಿಮೆಯಷ್ಟು ಹೊತ್ತು ರಸ್ತೆಯಲ್ಲೇ ಹೋಯಿತು. ಊರಿಗೆ ಇರುವುದು ಒಂದೇ ಸೇತುವೆ ಅಥವಾ ಒಂದೇ ರೈಲ್ವೆ ಗೇಟಿನ ದಾರಿಯಾದರೆ, ಅದು ಮುಚ್ಚಿದ ದಿನ ಏನು ಗತಿ ಎಂಬುದನ್ನೂ ವಿಚಾರಿಸಿ.

ಆಸ್ಪತ್ರೆಯ ವಿಷಯದಲ್ಲಿ ಬೋರ್ಡು ನೋಡಿ ಬಂದರೆ ಸಾಲದು. ಲಕ್ವ ಹೊಡೆದಾಗ, ರಕ್ತದ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು; ಕೊಡುವ ಮೊದಲು ತಲೆಯ ಸ್ಕ್ಯಾನ್ ಆಗಿರಬೇಕು. ಮನೆಯವರಿಗೆ ಗೊತ್ತಾಗುವುದು, ಗಾಡಿ ಸಿಗುವುದು, ದಾರಿ ಸಾಗುವುದು ಎಲ್ಲ ಅದರೊಳಗೇ ಬಂತು. ರಾತ್ರಿ ಎರಡು ಗಂಟೆಗೂ ಸ್ಕ್ಯಾನ್ ಮಾಡುವ ಆಸ್ಪತ್ರೆ ಎಷ್ಟು ದೂರದಲ್ಲಿದೆ ಎಂದು ಸ್ವತಃ ಹೋಗಿ ಕೇಳಿ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದೇ ಇಲ್ಲ. ಊರಿಗೆ ಊರೇ ಒಂದು ಕಾರ್ಖಾನೆಯನ್ನೋ ಗಣಿಯನ್ನೋ ನಂಬಿಕೊಂಡಿದ್ದರೆ, ಅದು ಬಾಗಿಲು ಹಾಕಿದ ದಿನ ನಿಮ್ಮ ಕೆಲಸವೂ ಹೋಗಬಹುದು, ಮನೆಯ ಬೆಲೆಯೂ ಕುಸಿಯಬಹುದು. ಮಾರಲು ಅವಸರವಿರುವ ಹೊತ್ತಿಗೇ ಕೊಳ್ಳುವವರು ಇರುವುದಿಲ್ಲ. ಅಂಥ ಊರಲ್ಲಿ ಬಾಡಿಗೆಗೆ ಇರುವುದೇ ಕ್ಷೇಮ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಂತ 3: ಒಂದು ವರ್ಷ ಬಾಡಿಗೆಗೆ ಇರಿ

ಎಲ್ಲ ಋತುಗಳೂ ಒಂದು ಸುತ್ತು ಬರಲಿ. ಕೊಳ್ಳಬೇಕೆಂದಿರುವ ಬಡಾವಣೆಯಲ್ಲೇ ಮನೆ ಹಿಡಿಯಿರಿ, ಊರಿನ ಇನ್ನೊಂದು ತುದಿಯಲ್ಲಿ ಇದ್ದರೆ ಉಪಯೋಗವಿಲ್ಲ. ಕರೆಂಟು ಹೋದ ದಿನ, ನೀರು ಬಾರದ ದಿನ, ಮಗುವಿಗೆ ಆಡಲು ಜೊತೆ ಸಿಕ್ಕ ದಿನ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಗುರುತು ಹಾಕಿಡಿ. ವರ್ಷವಿಡೀ ಇರಲು ಆಗದವರು ಕೆಟ್ಟ ಹವೆಯ ಎರಡು ವಾರವಾದರೂ ಅಲ್ಲಿ ಅಡುಗೆ ಮಾಡಿಕೊಂಡು ಇದ್ದು ನೋಡಲಿ.

ಹಂತ 4: ಲೆಕ್ಕ

ಮನೆಯ ಬೆಲೆ 100 ಎಂದಿಟ್ಟುಕೊಳ್ಳಿ. ಅಂಥದೇ ಮನೆಗೆ ವರ್ಷದ ಬಾಡಿಗೆ 4. ನೀವು ಕೈಯಿಂದ 20 ಹಾಕಿ, 80 ಸಾಲವನ್ನು ಶೇ 8.5ರ ಬಡ್ಡಿಗೆ ತಂದರೆ, ಮೊದಲ ವರ್ಷದ ಬಡ್ಡಿಯೇ ಸುಮಾರು 6.7. ದುರಸ್ತಿಗೆ 1, ಕೈಯ 20ಕ್ಕೆ ಬೇರೆಡೆ ಬರಬಹುದಾಗಿದ್ದ ಬಡ್ಡಿ ಇನ್ನೊಂದು 1.2. ಕೊಂಡವರಿಗೆ ವರ್ಷಕ್ಕೆ 9ರ ಹತ್ತಿರ ತಗಲಿತು, ಬಾಡಿಗೆಯವರಿಗೆ 4. ಮನೆಯ ಬೆಲೆ ವರ್ಷಕ್ಕೆ ಶೇ 5ರಷ್ಟಾದರೂ ಏರಿದರೆ ಇಬ್ಬರೂ ಸರಿಸಮ. ನೀವು ನೋಡುತ್ತಿರುವ ಮನೆಯ ನಿಜವಾದ ಅಂಕಿಗಳನ್ನು ಇದೇ ಲೆಕ್ಕಕ್ಕೆ ಹಾಕಿ. ಕಟ್ಟುವ ಬಾಡಿಗೆಯೆಲ್ಲ ದಂಡ ಎಂಬ ಮಾತು ಯಾವಾಗಲೂ ನಿಜವಲ್ಲ ಎಂಬುದು ಆಗ ತಿಳಿಯುತ್ತದೆ.

ಎಷ್ಟು ವರ್ಷ ಇರುತ್ತೀರಿ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ. ನೋಂದಣಿ, ತೆರಿಗೆ, ಬ್ರೋಕರ್, ಸಾಗಣೆ ಸೇರಿ ಕೊಳ್ಳುವಾಗ ಮಾರುವಾಗ 8 ಖರ್ಚಾಯಿತು ಎನ್ನಿ. ಹತ್ತು ವರ್ಷ ಇದ್ದರೆ ವರ್ಷಕ್ಕೆ 0.8 ಬಿತ್ತು, ಮೂರೇ ವರ್ಷಕ್ಕೆ ಮಾರಿದರೆ 2.7. ಸಾಲವೂ ಆರಂಭದ ವರ್ಷಗಳಲ್ಲಿ ಹೆಚ್ಚು ಕರಗುವುದಿಲ್ಲ. ಶೇ 8.5ರಂತೆ 20 ವರ್ಷಕ್ಕೆ 100 ಸಾಲ ಮಾಡಿದರೆ ಒಟ್ಟು 208 ಕಟ್ಟುತ್ತೀರಿ. ಐದು ವರ್ಷ ತಪ್ಪದೆ 52 ಕಟ್ಟಿದ ಮೇಲೂ ಅಸಲಿನಲ್ಲಿ 88 ಹಾಗೇ ಉಳಿದಿರುತ್ತದೆ. ಐದಾರು ವರ್ಷದೊಳಗೆ ಊರು ಬಿಡುವ ಸಾಧ್ಯತೆ ಇದ್ದರೆ ಕೊಳ್ಳದಿರುವುದೇ ಮೇಲು. ಮುಂಗಡ ಹಣ ಕಟ್ಟಿದ ಮೇಲೂ ಆರು ತಿಂಗಳ ಮನೆಖರ್ಚು ಮತ್ತು ಕಂತು ಕೈಯಲ್ಲಿರಲಿ.

ಹಂತ 5: ಮನೆಯನ್ನು ಮುಟ್ಟಿ ನೋಡಿ

ಟಾರ್ಚ್, ಅಳತೆ ಟೇಪು, 10 ಲೀಟರಿನ ಬಕೆಟ್, ಒಂದು ಗೋಲಿ. ಇಷ್ಟು ಕೈಯಲ್ಲಿರಲಿ.

ಮೊದಲು ಬಿರುಕುಗಳು. ಕೂದಲೆಳೆಯಂತೆ ಅಡ್ಡಾದಿಡ್ಡಿ ಹರಡಿದವು ಹೆಚ್ಚಾಗಿ ಗಾರೆ ಒಣಗುವಾಗ ಬಿಟ್ಟವು, ಅಂಜಬೇಕಿಲ್ಲ. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದ ಬಿರುಕೇ ಅಪಾಯದ್ದು. ಅದು ಒಂದು ತುದಿಯಲ್ಲಿ ಹೆಚ್ಚು ಅಗಲವಾಗಿದ್ದು, ಅದೇ ಜಾಗದಲ್ಲಿ ಗೋಡೆಯ ಹೊರಮೈಯಲ್ಲೂ ಕಂಡರೆ ಪಾಯ ಕುಸಿದಿರುವ ಅನುಮಾನ ಪಡಬೇಕು. ನಾಣ್ಯದ ಅಂಚು ತೂರುವಷ್ಟು ಅಗಲವಿದ್ದರೆ ಎಂಜಿನಿಯರ್ ನೋಡದೆ ಮಾತು ಮುಂದುವರಿಸಬೇಡಿ. ನೆಲದ ಮೇಲೆ ಗೋಲಿ ಬಿಟ್ಟು ನೋಡಿ. ಬಚ್ಚಲಿನಲ್ಲಿ ಇಳಿಜಾರು ಇರಲೇಬೇಕು. ಕೋಣೆಯಲ್ಲಿ ಅದು ಪ್ರತಿ ಸಲವೂ ಒಂದೇ ಮೂಲೆಗೆ ಓಡಿದರೆ ಕಾರಣ ತಿಳಿಯಬೇಕು. ನಾಲ್ಕು ಗೋಡೆಯಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೂ ಹಾಗೆಯೇ.

ತೇವ ಎಲ್ಲಿಂದ ಬಂದಿದೆ ಎಂಬುದು ಅದರ ಎತ್ತರದಲ್ಲೇ ಗೊತ್ತಾಗುತ್ತದೆ. ನೆಲದಿಂದ ಸುಮಾರು ಒಂದು ಮೀಟರಿನವರೆಗೆ ಬಣ್ಣ ಉಬ್ಬಿ ಉದುರುತ್ತಿದ್ದು, ಬೆರಳಿಗೆ ಬಿಳಿಯ ಉಪ್ಪಿನ ಪುಡಿ ಹತ್ತಿದರೆ ನೆಲದ ನೀರು ಗೋಡೆ ಹತ್ತುತ್ತಿದೆ. ಚಾವಣಿಯಲ್ಲಿ ಹಳದಿ ಕಲೆ ಇದ್ದರೆ ತಾರಸಿಯಿಂದಲೋ ಮೇಲಿನ ಬಚ್ಚಲಿನಿಂದಲೋ ಸೋರುತ್ತಿದೆ. ಎರಡಕ್ಕೂ ಮದ್ದು ಬೇರೆ, ಖರ್ಚು ಬೇರೆ. ಬಣ್ಣ ಬಳಿದರೆ ಎರಡೂ ಹೋಗುವುದಿಲ್ಲ. ಗೋಡೆಗೆ ಒತ್ತಿ ನಿಂತ ಬೀರುವನ್ನು ಒಂದು ಗೇಣು ಸರಿಸಿ ಹಿಂದೆ ಟಾರ್ಚ್ ಬಿಡಿ.

ಅಡುಗೆಮನೆಯ ನಲ್ಲಿಗೆ ಬಕೆಟ್ ಇಟ್ಟು ಗಡಿಯಾರ ನೋಡಿ. ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ಸರಿ. ಬಚ್ಚಲಿನ ನಲ್ಲಿಯನ್ನೂ ತೆರೆದು ಇನ್ನೊಮ್ಮೆ ಹಿಡಿಯಿರಿ. ಎರಡು ನಿಮಿಷ ದಾಟಿದರೆ ಕೊಳವೆಯಲ್ಲಿ ಸುಣ್ಣ ಕಟ್ಟಿದೆ, ಇಲ್ಲವೇ ಟ್ಯಾಂಕಿನ ಎತ್ತರ ಸಾಲದು. ಪ್ರತಿ ಮೀಟರ್ ಎತ್ತರಕ್ಕೆ ಸಿಗುವ ಒತ್ತಡ 0.1 ಬಾರ್ ಮಾತ್ರ, ಹಾಗಾಗಿ ಮೇಲಿನ ಮಹಡಿಯ ಶವರ್ ಮೊದಲು ಸೊರಗುತ್ತದೆ. ಬೋರ್‌ವೆಲ್ ನೀರಾದರೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ) ಎಷ್ಟೆಂದು ಅದರ ಮೀಟರಿನಲ್ಲಿ ಅಳೆಯಿರಿ: ಲೀಟರಿಗೆ 600 ಮಿಲಿಗ್ರಾಂ ಒಳಗಿದ್ದರೆ ರುಚಿ ಚೆನ್ನಾಗಿರುತ್ತದೆ, 1000 ದಾಟಿದರೆ ಬಾಯಿಗೆ ಸೇರುವುದಿಲ್ಲ. ಆ ಮೀಟರಿಗೆ ರೋಗಾಣು ಕಾಣುವುದಿಲ್ಲ, ಫ್ಲೋರೈಡ್ ಎಷ್ಟಿದೆ ಎಂದೂ ಅದು ಹೇಳುವುದಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಪ್ರಯೋಗಾಲಯದ ವರದಿ ಬರುವವರೆಗೆ ಕಾಯಿರಿ.

ಸಂಜೆ ನಾಲ್ಕರ ಬಿಸಿಲಿಗೆ ಪಶ್ಚಿಮದ ಗೋಡೆಯನ್ನು ಒಳಗಿನಿಂದ ಮುಟ್ಟಿ. ಅಂಗೈಗೆ ಬಿಸಿ ತಾಗಿದರೆ ಆ ಕೋಣೆಯಲ್ಲಿ ರಾತ್ರಿ ಸರಿಯಾಗಿ ನಿದ್ದೆ ಬರದು. ಮೀಟರ್ ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನಾಗಿಯೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಟ್ರಿಪ್ ಆಗುತ್ತದೆಯೇ ಎಂದೂ ನೋಡಿ.

ಹಂತ 6: ಕಾಗದ ಮತ್ತು ಹಣ

ಮಾರುವವರ ಅಥವಾ ಬ್ರೋಕರ್ ಕಡೆಯ ವಕೀಲರು ಬೇಡ, ನಿಮ್ಮದೇ ವಕೀಲರನ್ನು ಹಿಡಿಯಿರಿ. ಹಕ್ಕು ಯಾರಿಂದ ಯಾರಿಗೆ ಬಂತು, ಮನೆಯ ಮೇಲೆ ಸಾಲವಿದೆಯೇ, ಮಂಜೂರಾದ ನಕ್ಷೆಗಿಂತ ಹೆಚ್ಚು ಕಟ್ಟಿದ್ದಾರೆಯೇ, ರಸ್ತೆಯಿಂದ ಮನೆಗೆ ಬರುವ ದಾರಿ ಪತ್ರದಲ್ಲಿ ಬರೆದಿದೆಯೇ ಎಂಬುದನ್ನು ಅವರು ನೋಡಲಿ. ನಿವೇಶನದ ನಾಲ್ಕೂ ಬದಿಯನ್ನು ನೀವೇ ಟೇಪು ಹಿಡಿದು ಅಳೆದು ಪತ್ರದ ಅಳತೆಗೆ ತಾಳೆ ಹಾಕಿ.

ಮುಂಗಡ ಕೊಡುವ ಮೊದಲು ಕರಾರಿನಲ್ಲಿ ಎರಡು ಸಾಲು ಇರಲೇಬೇಕು: ಸಾಲ ಮಂಜೂರಾಗದಿದ್ದರೆ ಹಣ ವಾಪಸು, ಪತ್ರಗಳಲ್ಲಿ ದೋಷ ಕಂಡರೆ ಹಣ ವಾಪಸು, ಎಷ್ಟು ದಿನದೊಳಗೆ ಎಂಬುದರ ಸಮೇತ. “ಇನ್ನೊಬ್ಬರು ಕಾಯುತ್ತಿದ್ದಾರೆ, ಇವತ್ತೇ ಹೇಳಿ” ಎಂಬ ಒತ್ತಡ ಬಂದರೆ ಆ ಮನೆ ಅವರಿಗೇ ಹೋಗಲಿ ಬಿಡಿ.

ಬಾಕಿ ಹಣ ಕೊಡುವ ಹಿಂದಿನ ದಿನ ಸಾಮಾನೆಲ್ಲ ಖಾಲಿಯಾದ ಮನೆಯನ್ನು ಇನ್ನೊಮ್ಮೆ ಸುತ್ತಿ. ಬೀರು, ಮಂಚ, ಕ್ಯಾಲೆಂಡರಿನ ಹಿಂದೆ ಅಡಗಿದ್ದ ಗೋಡೆಗಳು ನಿಮಗೆ ಪೂರ್ತಿ ಕಾಣುವುದು ಅವತ್ತೇ.